ಕಾಫಿ ಬಿಟ್ಟವಳ ಬಗ್ಗೆ ನಾನು ಬರೆದದ್ದು

ಇವತ್ತು ತಳಿ ಎಂಬ ಊರಿನಿಂದ ಹತ್ತು ಗಂಟೆಗೆ ಬರುವ ಬಸ್ಸಿನಲ್ಲಿ ಒಂದು ಸ್ಟೀಲ್ ಡಬ್ಬಿ ಬಂತು. ಕಂಡಕ್ಟರ್ ಅದನ್ನು ರಸ್ತೆಗಳು ಕೂಡುವ ಕೂಟ್‌ರೋಡಿನ ಹೂವಿನ ಅಂಗಡಿಯಲ್ಲಿ ಇಳಿಸಿ ಹೋಗುತ್ತಾನೆ, ಹೂವಿನವಳು ಊಟಕ್ಕೆ ಮನೆಗೆ ಹೋಗುವಾಗ ನನ್ನ ಗೇಟಿಗೆ ತಂದು ಕೊಡುತ್ತಾಳೆ. ವರ್ಷಕ್ಕೊಮ್ಮೆ ನಡೆಯುವ ಈ ಅರೇಂಜ್‌ಮೆಂಟು ಒಂದು ಸಲವೂ ತಪ್ಪಿಲ್ಲ. ಮುಚ್ಚಳ ತೆಗೆದರೆ ಹುರಿದ ಕೊತ್ತಂಬರಿ ಬೀಜ, ಒಣಶುಂಠಿ, ಒಂದಿಷ್ಟು ಜೀರಿಗೆ, ಎಲ್ಲೋ ಹಿಂದುಗಡೆ ಏಲಕ್ಕಿ. ಕಷಾಯದ ಪುಡಿ. ಆ ವಾಸನೆ ಬಂದ ಕೂಡಲೇ ಬಾಯಲ್ಲಿ ನೀರೂರುತ್ತದೆ, ಜೊತೆಗೇ ಮುಖ ಬಿಸಿಯಾಗುತ್ತದೆ. ನೀರೂರುವುದು ಸಹಜ. ಮುಖ ಯಾಕೆ ಬಿಸಿಯಾಗಬೇಕು ಎಂದು ಹೇಳಬೇಕಾದರೆ ನೀವು ಸ್ವಲ್ಪ ಹೊತ್ತು ಕೂರಬೇಕಾಗುತ್ತದೆ. ಕೂರಿ. ಕಷಾಯ ಸೇರದಿದ್ದರೆ ಕಾಫಿ ಇದೆ. ನಾನೇನೂ ಕಾಫಿ ಬಿಟ್ಟವಳಲ್ಲ.

ಬಿಟ್ಟವಳು ಮಂಜುಳಾ. ಈ ಶತಮಾನ ಶುರುವಾಗಿ ನಾಲ್ಕೈದು ವರ್ಷವಾಗಿತ್ತು, ನಾನು ಸ್ಕೂಲಿನಿಂದ ರಿಟೈರ್ ಆಗಿದ್ದೆ. ಯಾವ ಕಾನ್ವೆಂಟಿನಲ್ಲಿ ಎ ಫಾರ್ ಆಪಲ್ ಕಲಿತೆನೋ ಅದೇ ಕಾನ್ವೆಂಟಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಇಂಗ್ಲಿಷ್ ಗ್ರಾಮರ್ ಹೇಳಿಕೊಟ್ಟು, ಮದುವೆ ಗಿದುವೆ ಎಂಬ ತಾಪತ್ರಯಕ್ಕೆ ಹೋಗದೆ, ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿ ಅಪ್ಪ ಕಟ್ಟಿದ ಮನೆಯಲ್ಲಿ ಆರಾಮಾಗಿದ್ದೆ. ಅಪ್ಪ ಇಲ್ಲಿಯ ದನದ ಫಾರಂನಲ್ಲಿ ಗುಮಾಸ್ತರಾಗಿದ್ದವರು. ಮೇಲಿನ ಪೋರ್ಷನ್ ನಾನು ಎಬ್ಬಿಸಿದ್ದು. ಅದಕ್ಕೆ ಮಂಜುಳಾ ಮತ್ತು ಅವಳ ಗಂಡ ನಾಗರಾಜ ಬಾಡಿಗೆಗೆ ಬಂದರು. ಮಾಲೂರಿನ ಕಡೆಯವರು. ಅವನು ಕಾರ್ಖಾನೆಯಲ್ಲಿ ಲೇತ್ ಮೆಷಿನ್ನಿನ ಮೇಲೆ, ಅವಳು ಇನ್ನೊಂದು ಕಾರ್ಖಾನೆಯಲ್ಲಿ ಮಾತ್ರೆ ಪ್ಯಾಕಿಂಗಿನಲ್ಲಿ. ಫಸ್ಟ್ ಶಿಫ್ಟ್ ಮುಗಿಸಿ ಮೂರೂವರೆಗೆ ಬಂದರೆ, ನಾಲ್ಕಕ್ಕೆ ಸರಿಯಾಗಿ ಮೆಟ್ಟಿಲ ಮೇಲೆ ಅವಳ ಹವಾಯಿ ಚಪ್ಪಲಿ ಪಟಪಟ ಅನ್ನುತ್ತಿತ್ತು. ನನ್ನ ಅಡಿಗೆಮನೆ ಹೊಸಿಲ ಮೇಲೆ ಕೂತು ಲೋಟದ ಕಾಫಿಯನ್ನು ಊದಿ ಊದಿ, ಇಡೀ ಬೀದಿಗೆ ಕೇಳುವ ಹಾಗೆ ಹೀರುತ್ತಿದ್ದಳು. ನಮ್ಮ ಕಾನ್ವೆಂಟಿನ ಸಿಸ್ಟರುಗಳು ನೋಡಿದ್ದರೆ ಮೂರು ದಿನ ಲೈನ್ಸ್ ಬರೆಸುತ್ತಿದ್ದರು. ನನಗೆ ಆ ಸದ್ದು ಬೇಕಾಗಿತ್ತು.

ಬಂದ ಮೊದಲ ವಾರವೇ, ಕಾಫಿ ಕುಡಿಯುತ್ತಾ ಹೇಳಿದ್ದಳು: “ಒಂದು ಹೆಣ್ ಮಗ ಇತ್ತು ಟೀಚರಮ್ಮ. ಚಿನ್ನಿ ಅಂತ. ಎರಡೂವರೆ ವರ್ಷಕ್ಕೇ ಹೋಗ್ಬುಡ್ತು.” ಆಮೇಲೆ ಅದೇ ಉಸಿರಿನಲ್ಲಿ, ಈ ಪುಡಿಗೆ ಚಿಕೋರಿ ಎಷ್ಟು ಹಾಕಿಸ್ತೀರಿ ಎಂದು ಕೇಳಿದಳು. ನಾನು ಚಿಕೋರಿಗೆ ಉತ್ತರ ಕೊಟ್ಟೆ. ಅಂಥ ಮಾತಿಗೆ ಅಂಥ ಉತ್ತರ ಕೊಡುವುದು ನಮ್ಮ ಮನೆಯಲ್ಲೂ ರೂಢಿಯೇ ಆಗಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಎರಡು ವರ್ಷ ಹೀಗೆ ನಡೆಯಿತು. ಒಂದು ದಿನ ಕೆಳಗೆ ಬಂದು, ಹೊಸಿಲ ಮೇಲೆ ಕೂತು, “ಕಾಫಿ ಬ್ಯಾಡ ಟೀಚರಮ್ಮ” ಅಂದಳು. ಹೊಟ್ಟೆ ಸರಿಯಿಲ್ಲವೇನೋ ಅಂದುಕೊಂಡೆ. ಮಾರನೆಯ ದಿನವೂ ಬೇಡ. ಟೀ ಮಾಡಲೇ ಅಂದರೆ ಟೀಯೂ ಬೇಡ. ಸಿಹಿಸುದ್ದಿಯೇನಾದರೂ ಇದೆಯೋ ಎಂದು ನಾನು ಸುತ್ತಿ ಬಳಸಿ ಕೇಳುತ್ತಿರುವಾಗಲೇ, ಒಂದು ಶನಿವಾರ ಗೇಟಿನ ಹತ್ತಿರ ಇಬ್ಬರು ಹುಡುಗರು ನಿಂತಿದ್ದರು. ಬಿಳಿ ಶರ್ಟು, ಟೈ, ಎದೆಯ ಮೇಲೆ ಕಪ್ಪು ನೇಮ್‌ಪ್ಲೇಟು. ಒಬ್ಬ ಅಮೆರಿಕದವನು, ಬಿಸಿಲಿಗೆ ಕಿವಿ ಎರಡೂ ಕೆಂಪಗೆ ಬೆಂದಿದ್ದವು. ಇನ್ನೊಬ್ಬ ತೆಲುಗಿನವನು. ಇಬ್ಬರಿಗೂ ಇಪ್ಪತ್ತು ದಾಟಿರಲಿಲ್ಲ, ಇಬ್ಬರ ಎದೆಯ ಮೇಲೂ ‘ಎಲ್ಡರ್’ ಎಂದು ಬರೆದಿತ್ತು. ಆ ಕಾಂಪೌಂಡಿನಲ್ಲಿ ಎಲ್ಡರ್ ಅನ್ನಿಸಿಕೊಳ್ಳುವ ಯೋಗ್ಯತೆ ಇದ್ದದ್ದು ನನಗೊಬ್ಬಳಿಗೇ. ಆದರೂ ಒಳಗೆ ಕರೆದೆ. ಕಾಫಿ ಕೊಡಹೋದರೆ ಬೇಡವೆಂದರು, ಟೀ ಬೇಡವೆಂದರು. ಕೊನೆಗೆ ಹಸಿಮೆಣಸಿನಕಾಯಿ ಜಜ್ಜಿ ಹಾಕಿದ ಮಜ್ಜಿಗೆ ಕೊಟ್ಟೆ. ಅಮೆರಿಕದವನು ಮರ್ಯಾದೆಗೆ ಪೂರ್ತಿ ಕುಡಿದ, ಕಿವಿ ಇನ್ನಷ್ಟು ಕೆಂಪಾಯಿತು. ಮಾರ್ಮನ್ನರು ಎಂಬ ಅಮೆರಿಕದ ಒಂದು ಕ್ರಿಶ್ಚಿಯನ್ ಪಂಗಡದ ಹೆಸರನ್ನು ನಾನು ಸರಿಯಾಗಿ ಕೇಳಿದ್ದು ಅವತ್ತೇ, ಅವರಿಗೆ ಕಾಫಿ ಟೀ ಎರಡೂ ಕೂಡದಂತೆ. ಮಂಜುಳಾಳ ಜೊತೆ ಪ್ಯಾಕಿಂಗಿನಲ್ಲಿದ್ದ ಒಬ್ಬಾಕೆ ಅವಳನ್ನು ಒಂದು ಭಾನುವಾರ ಬೆಂಗಳೂರಿನ ಅವರ ಹಾಲ್‌ಗೆ ಕರೆದುಕೊಂಡು ಹೋಗಿದ್ದಳು. ಇವಳು ಆಮೇಲೆ ಪ್ರತಿ ಭಾನುವಾರ ಹೋದಳು. ಜೂಜುವಾಡಿಯಲ್ಲಿ ರಾಜ್ಯದ ಗಡಿ ದಾಟಿ, ಅತ್ತಿಬೆಲೆಯಲ್ಲಿ ಬಸ್ಸು ಬದಲಿಸಿ. ತಿಂಗಳ ಮೊದಲ ಭಾನುವಾರ ಅವರಿಗೆ ಉಪವಾಸ. ಬರಿಹೊಟ್ಟೆಯಲ್ಲಿ ಹೋಗಿ, ಬೇಕಾದವರು ಎದ್ದು ನಿಂತು, ತಾವು ನಂಬಿದ್ದನ್ನು ನಾಲ್ಕು ಜನರ ಮುಂದೆ ಹೇಳಬಹುದಂತೆ. ನಾಗರಾಜ ಏನೂ ಅನ್ನಲಿಲ್ಲ. “ಮನೇಲಿ ಕೂತ್ಕೊಂಡು ಗೋಡೆ ನೋಡದ್ಕಿಂತ ವಾಸಿ ಬುಡಿ ಮೇಡಂ” ಅಂದ.

ನನಗೆ ಮಾತ್ರ ಸಿಟ್ಟು ಬಂತು. ಬರಿಯ ಕಾಫಿಯ ಸಿಟ್ಟಲ್ಲ ಅದು. ಹಳೆಯದು, ಅದಕ್ಕೆ ಆಗಲೇ ಐವತ್ತು ವರ್ಷ ದಾಟಿತ್ತು.

ನನಗೊಬ್ಬ ತಮ್ಮನಿದ್ದ. ಮೂರೂವರೆ ವರ್ಷಕ್ಕೆ ಜ್ವರ ಬಂದು ಹೋದ. ಅಷ್ಟು ಸಣ್ಣವರನ್ನು ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ತಿಥಿ ಇಲ್ಲ, ಪಿಂಡ ಇಲ್ಲ, ಫೋಟೋ ತೆಗೆಸಿರಲೂ ಇಲ್ಲ. ಅಪ್ಪ ಒಬ್ಬರೇ ಎತ್ತಿಕೊಂಡು ಹೋಗಿ ಬರಿಗೈಯಲ್ಲಿ ಬಂದರು. ಅವತ್ತಿನಿಂದ ಅಮ್ಮ ಸಾಯುವ ತನಕ ಅವನ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ, ಬರಲಿಲ್ಲ ಅಷ್ಟೆ. ಆಗ ನನಗೆ ಒಂಬತ್ತು ವರ್ಷ. ಕಾನ್ವೆಂಟಿನಲ್ಲಿ ಕ್ಯಾಟೆಕಿಸಂ, ಅಂದರೆ ಕ್ರೈಸ್ತ ಧರ್ಮಪಾಠದ, ಪೀರಿಯಡ್ಡಿಗೆ ಹಿಂದೂ ಹುಡುಗಿಯರು ಹಿಂದಿನ ಬೆಂಚಿನಲ್ಲಿ ಹೊಲಿಗೆ ಹಾಕುತ್ತಾ ಕೂರಬೇಕಿತ್ತು. ಕಿವಿ ಹೊಲಿದುಕೊಂಡಿರಲಿಲ್ಲವಲ್ಲ. ಬ್ಯಾಪ್ಟಿಸಂ ಆಗದೆ ಹೋದ ಮಕ್ಕಳು ‘ಲಿಂಬೋ’ ಎನ್ನುವ ಕಡೆ ಇರುತ್ತವೆ ಎಂದು ಸಿಸ್ಟರ್ ಹೇಳಿದರು. ನಾನು ಕೈ ಎತ್ತಿ, ನನ್ನ ತಮ್ಮ ಅಲ್ಲಿದ್ದಾನಾ ಎಂದು ಕೇಳಿದೆ. ಸಿಸ್ಟರ್ ಕೆಟ್ಟವರಲ್ಲ. “ಅಲ್ಲಿ ನೋವಿಲ್ಲ, ಚೈಲ್ಡ್” ಅಂದರು. ಸಂತೋಷ ಇದೆಯಾ? ಅದೂ ಇಲ್ಲ. ಅಷ್ಟೊಂದು ಸಣ್ಣ ಮಕ್ಕಳಿಗೆ ಅನ್ನ ಕಲೆಸಿ ಕೊಡುವವರು ಯಾರು? ಸಿಸ್ಟರ್ ಪುಸ್ತಕ ಮುಚ್ಚಿ, ನಿನ್ನ ಹೊಲಿಗೆ ಸೊಟ್ಟಗಾಗುತ್ತಿದೆ ನೋಡು ಅಂದರು. ಸತ್ತವರಿಗೆ ಅಡ್ರೆಸ್ ಹಂಚುವ ಯಾರನ್ನೂ, ಯಾವ ಬಟ್ಟೆ ಹಾಕಿಕೊಂಡು ಬಂದರೂ, ನಂಬುವುದಿಲ್ಲ ಎಂದು ನಾನು ನಿಶ್ಚಯ ಮಾಡಿದ್ದು ಆವತ್ತು. ಪುರೋಹಿತರಿಗೂ ಅದೇ ನ್ಯಾಯ. ಅಪ್ಪನ ತಿಥಿಯಲ್ಲಿ ಪಿತೃಲೋಕದ ವರ್ಣನೆ ಮಾಡಿದ ಶಾಸ್ತ್ರಿಗಳನ್ನು, ನೀವು ಯಾವಾಗ ಹೋಗಿ ಬಂದಿರಿ ಎಂದು ಕೇಳಿ ಅಮ್ಮನಿಂದ ಬೈಸಿಕೊಂಡಿದ್ದೇನೆ.

ಹಾಗಾಗಿ ನಾನು ಕೂಟ್‌ರೋಡಿನ ಬ್ರೌಸಿಂಗ್ ಸೆಂಟರಿಗೆ ಹೋದೆ. ಅದನ್ನು ನಡೆಸುತ್ತಿದ್ದವಳು ಸೆಲ್ವಿ, ಧರ್ಮಪುರಿ ಕಡೆಯ ಹೆಂಗಸು. ಅರ್ಧ ತಮಿಳು ಅರ್ಧ ಕನ್ನಡದಲ್ಲಿ, ಕಣ್ಣೆತ್ತದೆ, ಆರು ಕಂಪ್ಯೂಟರುಗಳನ್ನೂ ಆರು ಒಲೆಗಳ ಹಾಗೆ ನೋಡಿಕೊಳ್ಳುತ್ತಿದ್ದಳು. ಕಾಫಿ ಯಾಕೆ ಕುಡಿಯಬಾರದು ಎಂದು ಹುಡುಕಲು ಕೂತೆ, ಒಂದು ಬ್ಲಾಗ್ ಸಿಕ್ಕಿತು. ಅಮೆರಿಕದ ಬೆಟ್ಟಗಳ ನಡುವಿನ ಒಂದು ಊರಿನ ಹೆಂಗಸು ಬರೆಯುತ್ತಿದ್ದದ್ದು. ಆ ಧರ್ಮದಲ್ಲೇ ಹುಟ್ಟಿ, ನಲವತ್ತು ವರ್ಷ ಇದ್ದು, ಹೊರಗೆ ಬಂದವಳು. ಏನು ಬರವಣಿಗೆ ಅಂತೀರಿ. ಧರ್ಮಗ್ರಂಥ ಕೊರೆದ, ಮಣ್ಣಿನೊಳಗಿಂದ ಸಿಕ್ಕವೆನ್ನುವ ಚಿನ್ನದ ತಗಡುಗಳು, ಟೋಪಿಯೊಳಗೆ ಕಲ್ಲಿಟ್ಟು ಮುಖ ಹುದುಗಿಸಿ ಓದಿದ ಪ್ರವಾದಿ, ಬಿಸಿ ಕಾಫಿ ಕೂಡದು ಆದರೆ ತಣ್ಣಗಿನ ಕೋಲಾ ಕೂಡುತ್ತದೋ ಎಂಬ ಜಿಜ್ಞಾಸೆ, ಸತ್ತುಹೋದವರ ಪರವಾಗಿ ಬದುಕಿರುವವರು ನೀರಿನಲ್ಲಿ ಮುಳುಗಿ ಎದ್ದು ಅವರಿಗೂ ದೀಕ್ಷೆ ಕೊಡಿಸುವುದು, ಒಂದೊಂದನ್ನೂ ಈರುಳ್ಳಿ ಸಿಪ್ಪೆ ಬಿಡಿಸಿದ ಹಾಗೆ ಬಿಡಿಸುತ್ತಿದ್ದಳು. ಕೆಳಗೆ ಕಾಮೆಂಟುಗಳ ಸಂತೆ. ಬಿಟ್ಟು ಬಂದವರು, ಬಿಡಲಾಗದೆ ಒದ್ದಾಡುವವರು, ಸುಮ್ಮನೆ ನಗಲು ಬಂದವರು. ಎಲ್ಲರೂ ಕಳ್ಳಹೆಸರಿನವರು. ನಾನೂ ‘ಹೊಸೂರ್ ಗ್ರಾನಿ’ ಎಂದು ಹೆಸರಿಟ್ಟುಕೊಂಡು ಒಂದು ಮೂಲೆಯಲ್ಲಿ ಅಂಗಡಿ ತೆರೆದೆ.

ನಿಜ ಹೇಳಬೇಕು. ನನಗೆ ಬೇಕಾಗಿದ್ದದ್ದು ಸತ್ಯವೊಂದೇ ಅಲ್ಲ. ರಿಟೈರ್ ಆದ ಮೇಲೆ ನನ್ನ ಇಂಗ್ಲಿಷ್ ಕೇಳುವವರೇ ಇರಲಿಲ್ಲ. ಇಲ್ಲಿ ಎಲ್ಲಿಂದಲೋ ಜನ, ಗ್ರಾನಿ ಏನಂದಳು, ಗ್ರಾನಿ ಇವತ್ತು ಬಂದಿಲ್ಲವೇ ಎಂದು ವಿಚಾರಿಸುತ್ತಿದ್ದರು. ಅಲ್ಪವಿರಾಮ ಸರಿಯಾಗಿ ಹಾಕುವವರಿಗೆ ಅಲ್ಲಿ ಬಹಳ ಗೌರವ. ಬೆಳಿಗ್ಗೆ ಹತ್ತಕ್ಕೆ ಸೆಲ್ವಿ ಶಟರ್ ಎತ್ತುವ ಹೊತ್ತಿಗೆ ನಾನು ಮೆಟ್ಟಿಲ ಮೇಲಿರುತ್ತಿದ್ದೆ. “ಟೀಚರ್, ನಿಮ್ದು ಏನು ಆಫೀಸಾ?” ಎಂದು ಕೇಳುತ್ತಿದ್ದಳು.

ಇದೇ ಹೊತ್ತಿಗೆ ಮಂಜುಳಾ ಒಂದು ನೋಟ್‌ಬುಕ್ ಹಿಡಿದುಕೊಂಡು ಬಂದಳು. ಪಿಯುಸಿ ತನಕ ಓದಿದವಳು, ಇಂಗ್ಲಿಷ್ ಓದಲು ಬರುತ್ತದೆ, ಬರೆಯಲು ಧೈರ್ಯವಿಲ್ಲ. ಹಾಲ್‌ನಲ್ಲಿ ಎದ್ದು ನಿಂತು ಇಂಗ್ಲಿಷಿನಲ್ಲೇ ಹೇಳಬೇಕು ಎಂದು ಅವಳಿಗೆ ಆಸೆ. ಕನ್ನಡದಲ್ಲೂ ಹೇಳಬಹುದು ಎಂದು ಅವರು ಹೇಳಿದ್ದರಂತೆ, ಆದರೆ ಕನ್ನಡದಲ್ಲಿ ಹೇಳಲು ಹೋದರೆ ಗಂಟಲು ಕಟ್ಟುತ್ತದೆ ಎಂದಳು. ನಾಲ್ಕು ವಾಕ್ಯ ಬರೆದಿದ್ದಳು. ನನ್ನ ಹೆಸರು ಮಂಜುಳಾ. ನನ್ನ ಮಗಳ ಹೆಸರು ಚಿನ್ನಿ. ಎಂಟು ವರ್ಷ ತುಂಬದ ಮಕ್ಕಳು ಯಾವ ದೀಕ್ಷೆಯೂ ಬೇಕಿಲ್ಲದೆ ದೇವರ ಹತ್ತಿರ ಇರುತ್ತವೆ ಎಂದು ಇಲ್ಲಿ ಕೇಳಿದೆ. ಅಲ್ಲಿ ಅವಳನ್ನು ನಾನೇ ಬೆಳೆಸುತ್ತೇನೆ ಎಂದು ನಂಬಿದ್ದೇನೆ. ನಾನು ಕೆಂಪು ಪೆನ್ನಿನಲ್ಲಿ ಎರಡು ಕ್ರಿಯಾಪದ, ಒಂದು ‘ದಿ’ ಸರಿಮಾಡಿ, ಕೆಳಗೆ ‘ಗುಡ್’ ಎಂದು ಬರೆದು ಮೇಜಿನ ಮೇಲಿಟ್ಟೆ. ಮಾರನೆಯ ದಿನ ಸೆಲ್ವಿಯ ಹತ್ತಿರ ಹೋಗಿ ಅದರ ಮೇಲೇ ಬ್ಲಾಗಿನಲ್ಲಿ ಒಂದು ಕಾಮೆಂಟು ಹಾಕಿದೆ.

ಏನು ಬರೆದೆ ಎಂಬುದನ್ನು ಬಚ್ಚಿಡುವುದಿಲ್ಲ. ನನ್ನ ಮಹಡಿಯ ಮೇಲಿರುವ ಎಂ. ಎಂಬಾಕೆ ಯಾರೋ ಪ್ರವಾದಿ ನೂರೆಪ್ಪತ್ತು ವರ್ಷದ ಕೆಳಗೆ ಬಿಸಿಪಾನೀಯ ಬೇಡ ಅಂದದ್ದಕ್ಕೆ ನನ್ನ ಫಿಲ್ಟರ್ ಕಾಫಿಯನ್ನು ತಿರಸ್ಕರಿಸಿದ್ದಾಳೆ, ಎರಡು ಬಸ್ಸು ಹಿಡಿದು ಹಸಿದುಕೊಂಡು ಹೋಗುತ್ತಾಳೆ ಎಂದು ಶುರುಮಾಡಿದೆ. ಕೊನೆಯ ವಾಕ್ಯ ಹೀಗಿತ್ತು: ನಮ್ಮ ಹೊಸೂರಿನಲ್ಲಿ ಎಲ್‌ಕೆಜಿ ಸೀಟಿಗೂ ತಂದೆತಾಯಿ ಇಂಟರ್‌ವ್ಯೂಗೆ ಕೂರಬೇಕು, ಈ ಅಮೆರಿಕನ್ ಮಹನೀಯರು ಸ್ವರ್ಗದಲ್ಲೊಂದು ಕ್ರೆಶ್ ತೆರೆದಿದ್ದಾರೆ, ನಮ್ಮ ಎಂ. ತನ್ನ ಚಿನ್ನಿಯನ್ನು ಇಂಟರ್‌ವ್ಯೂ ಇಲ್ಲದೆಯೇ ಸೇರಿಸಿಬಿಟ್ಟಿದ್ದಾಳೆ.

ಸಂತೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಬ್ಲಾಗಿನಾಕೆ ಅದನ್ನು ಕೆಳಗಿನಿಂದ ಎತ್ತಿ ‘ಹೊಸೂರಿನ ಪತ್ರ’ ಎಂಬ ಹೆಡ್ಡಿಂಗ್ ಕೊಟ್ಟು ಮೇಲೆ ಹಾಕಿದಳು. ಹಾಕುವಾಗ ನನ್ನ ಕೊನೆಯ ವಾಕ್ಯವನ್ನು ಕತ್ತರಿಸಿ ಎರಡು ಮಾಡಿದ್ದಳು. ನನಗೆ ತಡೆಯಲಿಲ್ಲ. ಸೆಲ್ವಿಯಿಂದ ಪ್ರಿಂಟೌಟ್ ತೆಗೆಸಿ, ಮನೆಗೆ ತಂದು, ಕೆಂಪು ಪೆನ್ನಿನಲ್ಲಿ ಆ ಎರಡು ವಾಕ್ಯವನ್ನು ಮತ್ತೆ ಒಂದಾಗಿ ಜೋಡಿಸಿ, ಮಾರ್ಜಿನ್‌ನಲ್ಲಿ ‘ರಿದಂ’ ಎಂದು ಬರೆದೆ. ಮೂವತ್ತು ವರ್ಷ ಟೀಚರಾಗಿದ್ದವಳ ಮೇಜಿನ ಮೇಲೆ ತಿದ್ದಿದ ಹಾಳೆ ಎಲ್ಲಿ ಹೋಗುತ್ತದೆ? ತಿದ್ದಿದ ನೋಟ್‌ಬುಕ್ಕಿನ ಒಳಗೆ. ಮಂಜುಳಾ ಸಂಜೆ ಬಂದು ಅವಳ ನೋಟ್‌ಬುಕ್ ತೆಗೆದುಕೊಂಡು ಹೋದಳು.

ಎರಡು ದಿನ ಅವಳು ಕೆಳಗೆ ಬರಲಿಲ್ಲ. ಮೂರನೆಯ ದಿನ ನಾಲ್ಕಕ್ಕೆ ಚಪ್ಪಲಿ ಸದ್ದು ಕೇಳಿತು, ನಿಧಾನವಾಗಿ. ಹೊಸಿಲ ಮೇಲೆ ಕೂರಲಿಲ್ಲ. ನನ್ನ ಪ್ರಿಂಟೌಟು ಅವಳ ಕೈಯಲ್ಲಿತ್ತು. ಅಲ್ಲಲ್ಲಿ ಪೆನ್ಸಿಲಿನಲ್ಲಿ ಅಡಿಗೆರೆ, ಮೇಲೆ ಸಣ್ಣ ಅಕ್ಷರದಲ್ಲಿ ಕನ್ನಡದ ಅರ್ಥ. ನಾನು ಕೊಟ್ಟ ಹೋಂವರ್ಕ್ ಅಂದುಕೊಂಡು, ಡಿಕ್ಷನರಿ ಇಟ್ಟುಕೊಂಡು ಮಾಡಿದ್ದಳು.

“ಎಲ್ಲಾ ಸಿಕ್ತು ಟೀಚರಮ್ಮ. ಇದೊಂದು ನಮ್ ಡಿಕ್ಸನರೀಲಿ ಇಲ್ಲ. ಕ್ರೆಶ್ ಅಂದ್ರೇನು?”

ನಾನು ಮೇಷ್ಟರ ಹಾಗೆಯೇ ಉತ್ತರ ಹೇಳಿದೆ. ಕೆಲಸಕ್ಕೆ ಹೋಗುವ ತಾಯಂದಿರು ಮಕ್ಕಳನ್ನು ಬಿಟ್ಟುಹೋಗುವ ಜಾಗ ಎಂದೆ. ಅವಳು ಪೆನ್ಸಿಲ್ ತೆಗೆದು ಅದನ್ನೂ ಬರೆದುಕೊಂಡಳು. ಬರೆದು ಮುಗಿಸಿ ಹಾಳೆಯನ್ನು ನಾಲ್ಕಾಗಿ ಮಡಚಿದಳು.

“ನಮ್ ಕಡೆ ಸಣ್ ಮಕ್ಳಿಗೆ ತಿಥಿ ಇಲ್ಲ. ಮಣ್ಣು ಮಾಡ್ಬುಟ್ಟು, ತಿರುಗಿ ನೋಡ್ದಂಗೆ ಬಾ ಅಂದ್ರು. ಅತ್ತೆ ಬಟ್ಟೆಬರೆ ಎಲ್ಲಾ ಎತ್ತಿಟ್ರು. ಹೆಸ್ರು ಎತ್ತುದ್ರೆ, ಇನ್ನೊಂದಾಗ್ತದೆ ಬುಡು ಅಂತಾರೆ. ಅಲ್ಲಿ ಒಂದು ಕಿತ, ನನಗೊಂದು ಮಗ ಇತ್ತು, ಚಿನ್ನಿ ಅಂತ ಅಂದೆ. ಹೆಂಗಿದ್ಲು ಅಂತ ಕೇಳುದ್ರು ಟೀಚರಮ್ಮ. ಅದ್ಕೇ ಹೋಗ್ತಿದ್ದೆ. ಚಿನ್ನದ ತಗಡು ಗಿಗಡು ನಂಗೇನ್ ಗೊತ್ತು.” ನನ್ನ ಮುಖ ನೋಡದೆ ಅಂದಳು: “ನೀವ್ ಬರ್ದಿರೋದು ಚೆನ್ನಾಗದೆ. ಓದ್ತಾ ಓದ್ತಾ ನಂಗೇ ನಗು ಬಂದ್ಬುಡ್ತು. ಇನ್ ಅಲ್ಲೋಗಿ ಹೆಂಗ್ ಎದ್ ನಿಂತ್ಕೊಳ್ಳಿ.”

ಆ ತಿಂಗಳ ಮೊದಲ ಭಾನುವಾರ ಅವಳು ಹೋಗಲಿಲ್ಲ. ಮೇಲೆ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ನಾನು ಕೆಳಗೆ ಕಾಫಿ ಕುಡಿಯುತ್ತಾ ಆ ಸದ್ದು ಕೇಳಿದೆ. ನನ್ನ ವಾದ ಗೆದ್ದಿತ್ತು. ಅವಳನ್ನು ಆ ಹಾಲ್‌ನಿಂದ ಬಿಡಿಸಬೇಕೆಂದು ಹೊರಟಿದ್ದೆ, ಬಿಡಿಸಿದ್ದೆ. ಆದರೆ ಚಿನ್ನಿ ಹೇಗಿದ್ದಳು ಎಂದು ಎರಡು ವರ್ಷದಲ್ಲಿ ನಾನು ಒಂದು ಸಲವೂ ಕೇಳಿರಲಿಲ್ಲ. ಚಿಕೋರಿಗೆ ಉತ್ತರ ಕೊಟ್ಟಿದ್ದೆ.

ಸೋಮವಾರ ಹತ್ತಕ್ಕೆ ಸೆಲ್ವಿಯ ಮೆಟ್ಟಿಲ ಮೇಲೆ ಕೂತಾಗ ನನಗೆ ಒಂದೇ ನಿಶ್ಚಯ: ಆ ಪತ್ರ ಅಲ್ಲಿಂದ ಹೋಗಬೇಕು. ಬ್ಲಾಗಿನಾಕೆಗೆ ಬರೆದೆ. ಅವಳು ಒಳ್ಳೆಯ ಹೆಂಗಸು, ಅದೇ ದಿನ ಉತ್ತರ ಕೊಟ್ಟಳು. ಅದು ತನ್ನ ಬ್ಲಾಗಿನಲ್ಲೇ ಅತ್ಯುತ್ತಮವಾದದ್ದು, ಎಂ. ಯಾರೆಂದು ಲೋಕದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ತಾನು ನಲವತ್ತು ವರ್ಷ ಬಾಯಿ ಮುಚ್ಚಿಕೊಂಡು ಬದುಕಿದವಳು, ಇನ್ನು ಯಾರ ಮನಸ್ಸು ನೋಯುತ್ತದೆಂದೂ ಏನನ್ನೂ ಅಳಿಸುವುದಿಲ್ಲ ಎಂದಳು. ಅವಳ ಮಾತು ನನಗೆ ಅರ್ಥವಾಯಿತು. ಅವಳಿಗೆ ನಗುವುದೆಂದರೆ ಉಸಿರಾಡುವುದು. ಆದರೆ ನಾನು ಅವಳ ಮನೆಯ ಅಡಿಗೆಮನೆಗೆ ನನ್ನದಲ್ಲದ್ದನ್ನು ತಂದು ಕೊಟ್ಟಿದ್ದೆ. ಮತ್ತೆ ಬರೆದೆ. ಮತ್ತೆ ಉತ್ತರ. ಎಂ. ಬದಲು ಬೇರೆ ಅಕ್ಷರ ಹಾಕುತ್ತೇನೆ ಅಂದಳು. ಮಗುವಿನ ಹೆಸರು ತೆಗೆಯುತ್ತೇನೆ ಅಂದಳು. ಬೇಡ, ಪೂರ್ತಿ ತೆಗೆ ಎಂದೆ. ಕರೆಂಟು ಹೋಗುವುದು, ಬರುವುದು. ನಾನು ಕತ್ತಲ ಮಾನಿಟರಿನ ಮುಂದೆ ಕೂತೇ ಇರುವುದು. ಸೆಲ್ವಿ ಐದನೆಯ ದಿನ ಏನೂ ಕೇಳದೆ ಸ್ಟೂಲಿನ ಬದಲು ತನ್ನ ಕುರ್ಚಿ ಕೊಟ್ಟಳು. “ಸಂಡೆಯಾ ಟೀಚರ್?” ಎಂದಳು. ಅವಳ ತಮಿಳಿನಲ್ಲಿ ಹಾಗೆಂದರೆ ಜಗಳವೇ ಎಂದು ಅರ್ಥ. ಹೌದು, ನನ್ನ ಜೊತೆಗೇ ಎಂದೆ.

ಹತ್ತು ಹನ್ನೊಂದು ದಿನ ಹೀಗೆ ಜಗ್ಗಾಡಿದ ಮೇಲೆ, ಅಳಿಸಲಾರದ್ದರ ಕೆಳಗೆ ಬರೆಯುವುದೊಂದೇ ದಾರಿ ಎನ್ನಿಸಿತು. ಗ್ರಾನಿಯನ್ನು ಆಚೆ ಇಟ್ಟು, ನನ್ನ ಅಪ್ಪ ಇಟ್ಟ ಹೆಸರು ಹಾಕಿ ಬರೆದೆ. ಮೇಲಿನ ಪತ್ರ ನನ್ನದು. ಅದರಲ್ಲಿರುವ ಹೆಂಗಸು ತನ್ನ ಮಗುವಿನ ಹೆಸರನ್ನು ನನ್ನ ಹತ್ತಿರ ಗ್ರಾಮರ್ ತಿದ್ದಿಸಲು ತಂದಿದ್ದಳು, ನಾನು ಅದನ್ನು ನಿಮ್ಮನ್ನು ನಗಿಸಲು ಖರ್ಚು ಮಾಡಿದೆ. ಚಿನ್ನದ ತಗಡುಗಳನ್ನು ನಾನು ಇವತ್ತಿಗೂ ನಂಬುವುದಿಲ್ಲ, ಲಿಂಬೋವನ್ನೂ ನಂಬುವುದಿಲ್ಲ, ಪಿತೃಲೋಕವನ್ನೂ ನಂಬುವುದಿಲ್ಲ. ನನಗೂ ಒಬ್ಬ ತಮ್ಮನಿದ್ದ. ಅವನ ಬಗ್ಗೆ ಯಾರಾದರೂ ಹೀಗೆ ಬರೆದಿದ್ದರೆ ನಾನು ಅವರ ಮುಖ ನೋಡುತ್ತಿರಲಿಲ್ಲ. ತಮ್ಮನ ಹೆಸರು ಬರೆಯಲು ಕೀಬೋರ್ಡಿನ ಮೇಲೆ ಬೆರಳಿಟ್ಟೆ. ಬರಲಿಲ್ಲ. ಹಾಗೇ ಕಳಿಸಿದೆ.

ಕೆಳಗೆ ಬೈಗುಳ ಶುರುವಾಯಿತು. ಗ್ರಾನಿಯನ್ನೂ ಅವರು ಮುಳುಗಿಸಿ ಎಬ್ಬಿಸಿದ್ದಾರೆ ಎಂದು ಒಬ್ಬ. ಮುದುಕಿಗೆ ಮೆತ್ತಗಾಗಿದೆ ಎಂದು ಇನ್ನೊಬ್ಬ. ಆ ಸಂತೆಯಲ್ಲೇ ಎಲ್ಲರಿಗಿಂತ ಖಾರವಾಗಿ ಬರೆಯುತ್ತಿದ್ದ ಒಬ್ಬನಿದ್ದ, ಅವನ ನಾಲಿಗೆಗೆ ನಾನೂ ಹೆದರುತ್ತಿದ್ದೆ. ಮಾರನೆಯ ದಿನ ಅವನು ಒಂದೇ ಒಂದು ಪದ ಬರೆದಿದ್ದ. ಒಬ್ಬ ಹುಡುಗನ ಹೆಸರು. ವಿವರಣೆಯಿಲ್ಲ, ಪೂರ್ಣವಿರಾಮವೂ ಇಲ್ಲ. ಅದರ ಕೆಳಗೆ ಆಮೇಲೆ ಯಾರೂ ಏನೂ ಬರೆಯಲಿಲ್ಲ. ಅದರ ಮಾರನೆಯ ದಿನ ನೋಡಿದರೆ ‘ಹೊಸೂರಿನ ಪತ್ರ’ ಹೋಗಿತ್ತು. ನನ್ನ ತಪ್ಪೊಪ್ಪಿಗೆ ಮತ್ತು ಆ ಹೆಸರು, ಎರಡು ಮಾತ್ರ ಉಳಿದಿದ್ದವು.

ಆ ಸಂಜೆ ನಾನು ಮೆಟ್ಟಿಲು ಹತ್ತಿದೆ. ಮಂಡಿನೋವಿನ ನೆಪದಲ್ಲಿ ಅವರು ಬಂದಾಗಿನಿಂದ ಒಂದು ಸಲವೂ ಮೇಲೆ ಹೋಗಿರಲಿಲ್ಲ. ಅವಳು ಬಾಗಿಲು ತೆರೆದು ಚಾಪೆ ಹಾಸಿದಳು. ತೆಗೆಸಿದೆ ಮಂಜುಳಾ ಎಂದೆ. ಅವಳು ಒಲೆಯ ಮೇಲೆ ನೀರಿಟ್ಟು, ಅಟ್ಟದಿಂದ ಒಂದು ಡಬ್ಬಿ ಇಳಿಸಿ, ಕೊತ್ತಂಬರಿ ಶುಂಠಿಯ ಪುಡಿ ಹಾಕಿ ಕಷಾಯ ಮಾಡಿದಳು. ಆ ಡಬ್ಬಿಯ ಹೊಟ್ಟೆಯ ಮೇಲೆ, ಪಾತ್ರೆ ಅಂಗಡಿಯಲ್ಲಿ ಮೆಷಿನ್ನಿನಿಂದ ಕೊರೆದ ಚುಕ್ಕಿ ಚುಕ್ಕಿ ಅಕ್ಷರದಲ್ಲಿ, ‘ಚಿನ್ನಿ’ ಎಂದಿತ್ತು. ನಾಮಕರಣಕ್ಕೆ ಕೊಂಡದ್ದು, ರಾಗಿಸರಿ ಪುಡಿ ಹಾಕಿಡುತ್ತಿದ್ದದ್ದು. ಬಟ್ಟೆಬರೆಯನ್ನೆಲ್ಲ ಎತ್ತಿಟ್ಟ ಅತ್ತೆ ಸ್ಟೀಲ್ ಡಬ್ಬಿಯನ್ನು ಬಿಸಾಡಲಾರದೆ ಬಿಟ್ಟಿದ್ದಳು.

“ಚಿನ್ನಿ ಹೇಗಿದ್ದಳೇ?” ಎಂದೆ.

ಹೇಳಿದಳು. ದೀಪ ಹಚ್ಚುವ ಹೊತ್ತಾದರೂ ಮುಗಿಯಲಿಲ್ಲ. ಏನು ಹೇಳಿದಳು ಎಂಬುದನ್ನು ಮಾತ್ರ ನಾನು ಬರೆಯುವುದಿಲ್ಲ. ನಾನು ಎದ್ದಾಗ ಅವಳು ಕೇಳಿದಳು, “ನಿಮ್ ತಮ್ಮನ್ ಹೆಸ್ರೇನು ಟೀಚರಮ್ಮ?” ತಮ್ಮನ ವಿಷಯ ಅದೇ ಸಂಜೆ ನಾನೇ ಬಾಯಿಬಿಟ್ಟಿದ್ದೆ. ಹೇಳಬೇಕೆಂದು ಬಾಯಿ ತೆರೆದೆ. ಆಮೇಲೆ ಹೇಳ್ತೀನಿ ಎಂದು ಇಳಿದುಬಂದೆ.

ಮುಂದಿನ ತಿಂಗಳ ಮೊದಲ ಭಾನುವಾರ ನಾನೂ ಅವಳ ಜೊತೆ ಹೊರಟೆ. ಒಬ್ಬಳೇ ಹೋಗಲು ಅವಳಿಗೆ ಕಾಲು ಬರುತ್ತಿರಲಿಲ್ಲ, ಅದಕ್ಕೆ ಕಾರಣ ನಾನು. ಅವಳು ಉಪವಾಸ ಇರುವಾಗ ನಾನೊಬ್ಬಳು ಕಾಫಿ ಕುಡಿದು ಹೋಗುವುದು ಮರ್ಯಾದೆಯಲ್ಲ ಎಂದು ಬಿಟ್ಟೆ. ಜೂಜುವಾಡಿಯಲ್ಲಿ ಲಾರಿಗಳ ಸಾಲಿನಲ್ಲಿ ಬಸ್ಸು ಮುಕ್ಕಾಲು ಗಂಟೆ ನಿಂತಿತು. ತಲೆ ಎರಡು ಹೋಳಾಗುವ ಹಾಗೆ ಸಿಡಿಯುತ್ತಿತ್ತು. ಹಾಲ್ ಎಂದರೆ ನಮ್ಮ ಸ್ಕೂಲಿನ ಸ್ಟಾಫ್‌ರೂಮಿನ ಹಾಗೆ, ಟ್ಯೂಬ್‌ಲೈಟು, ಪ್ಲಾಸ್ಟಿಕ್ ಕುರ್ಚಿ. ಕೆಂಪು ಕಿವಿಯ ಎಲ್ಡರ್ ನನ್ನನ್ನು ಗುರುತು ಹಿಡಿದು, ಮಜ್ಜಿಗೆ ನೆನಪಿದೆ ಎಂದ. ಮಂಜುಳಾ ಎದ್ದು ಹೋಗಿ ನಿಂತಳು. ನೋಟ್‌ಬುಕ್ ತೆರೆಯಲಿಲ್ಲ. ಕನ್ನಡದಲ್ಲೇ ಮಗಳ ಹೆಸರು ಹೇಳಿದಳು. ಮೊದಲ ಮೂರು ವಾಕ್ಯ ನಾನು ಇಂಗ್ಲಿಷಿನಲ್ಲಿ ತಿದ್ದಿದ್ದರ ಕನ್ನಡವೇ. ನಾಲ್ಕನೆಯದನ್ನು ಅವಳು ಬದಲಾಯಿಸಿದ್ದಳು. ಅಲ್ಲಿ ಅವಳನ್ನು ನಾನೇ ಬೆಳೆಸುತ್ತೇನೆ ಅನ್ನುವ ಬದಲು, ಬೆಳೆಸಬೇಕೂಂತ ಆಸೆ ಅದೆ ಎಂದಳು. ಅಷ್ಟನ್ನು ನಾನೂ ಒಪ್ಪಬಹುದಿತ್ತು. ಪಕ್ಕದವರು ನನ್ನನ್ನು ನೋಡಿದರು, ನೀವೂ ಏನಾದರೂ ಹೇಳುತ್ತೀರಾ ಎಂಬ ಹಾಗೆ. ನಾನು ಕುರ್ಚಿಯ ಅಂಚು ಹಿಡಿದುಕೊಂಡು ಕೂತೇ ಇದ್ದೆ.

ಎರಡು ಮೂರು ವರ್ಷದ ಮೇಲೆ ನಾಗರಾಜ ಲೇತ್ ಬಿಟ್ಟು ತಳಿಯ ಕಡೆ ಹೂವು ಬೆಳೆಯಲು ಜಮೀನು ಹಿಡಿದ, ಇಬ್ಬರೂ ಅಲ್ಲಿಗೆ ಹೋದರು. ಅವಳು ಈಗಲೂ ಆ ಹಾಲ್‌ಗೆ ಹೋಗುತ್ತಾಳೋ ಇಲ್ಲವೋ ನಾನು ಕೇಳಿಲ್ಲ. ನಾನು ಈಗಲೂ ಫೋನಿನಲ್ಲಿ ಇಂಥವನ್ನೆಲ್ಲ ಓದುತ್ತೇನೆ, ಎಲ್ಲ ಧರ್ಮದವರ ತಗಡುಗಳನ್ನೂ ತಟ್ಟಿ ನೋಡುತ್ತೇನೆ, ಕಾಮೆಂಟೂ ಹಾಕುತ್ತೇನೆ, ನನ್ನ ಹೆಸರಿನಲ್ಲಿ. ಬೇರೆಯವರ ಮಕ್ಕಳನ್ನು ಮಾತ್ರ ಮುಟ್ಟುವುದಿಲ್ಲ.

ವರ್ಷ ವರ್ಷ ಆ ಡಬ್ಬಿ ಬರುತ್ತದೆ. ಬಂದ ಡಬ್ಬಿಯನ್ನು ಬರಿದಾಗಿ ಕಳಿಸಬಾರದೆಂದು ನಾನು ಸಕ್ಕರೆ ತುಂಬಿ ಅದೇ ಬಸ್ಸಿಗೆ ಹತ್ತಿಸುತ್ತೇನೆ. ಬರುವಾಗ ಪುಡಿಯ ಮೇಲೆ ಒಂದು ಚೀಟಿ ಇರುತ್ತದೆ. ಚೀಟಿಯಲ್ಲಿ ಕ್ಷೇಮಸಮಾಚಾರ ಎರಡು ಸಾಲು, ಕೊನೆಯಲ್ಲಿ ಯಾವಾಗಲೂ ಅದೇ: ಹೆಸ್ರು ಹೇಳಲೇ ಇಲ್ಲ ನೀವು. ಇವತ್ತಿನ ಚೀಟಿಯಲ್ಲಿ ಕ್ಷೇಮಸಮಾಚಾರವೂ ಇರಲಿಲ್ಲ. “ಈ ವರ್ಷನಾದ್ರೂ” ಎಂದಷ್ಟೇ ಬರೆದಿದ್ದಳು.

ಕಷಾಯ ಮಾಡಿ ಕುಡಿದೆ. ಕುಡಿದು, ಸೀರೆ ಬದಲಿಸಿ, ಕೊಡೆ ಹಿಡಿದುಕೊಂಡು ಹೊಸೂರು ಬಜಾರಿಗೆ ಬಸ್ಸು ಹತ್ತಿದೆ. ಪಾತ್ರೆ ಅಂಗಡಿಯಲ್ಲಿ ಸಣ್ಣದೊಂದು ಲೋಟ ಆರಿಸಿದೆ, ಮೂರೂವರೆ ವರ್ಷದ ಕೈಗೆ ಹಿಡಿಯುವಂಥದ್ದು. ಮೂಲೆಯಲ್ಲಿ ಮೆಷಿನ್ ಇಟ್ಟುಕೊಂಡು ಕೂತಿದ್ದ ಮುದುಕ ಲೋಟ ತಿರುಗಿಸಿ ನೋಡಿ, ಕನ್ನಡಮಾ ತಮಿಳಾ ಎಂದು ಕೇಳಿದ. ಕನ್ನಡ ಎಂದೆ. ಅವನು ಕನ್ನಡಕಕ್ಕೆ ಉಸಿರು ಬಿಟ್ಟು ಒರೆಸಿಕೊಂಡು, ಸೂಜಿಯನ್ನು ಸ್ಟೀಲಿಗೆ ತಾಗಿಸಿ, ಕಾದ. ಈ ಲೋಟ ನಾಳೆ ಚಿನ್ನಿಯ ಡಬ್ಬಿಯೊಳಗೆ, ಸಕ್ಕರೆಯ ನಡುವೆ, ತಳಿ ಬಸ್ಸು ಹತ್ತುತ್ತದೆ.

“ಪೇರು ಸೊಲ್ಲುಂಗಮ್ಮಾ,” ಎಂದ. ಹೆಸರು ಹೇಳಿ ಎಂದು.

“ಸೀನು,” ಎಂದೆ. ಮೆಷಿನ್ನಿನ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ ಎಂದು, ಇನ್ನೊಂದು ಸಲ ಗಟ್ಟಿಯಾಗಿ ಹೇಳಿದೆ.